ಯಂತ್ರದೊಳಗೆ ಹೊಕ್ಕ ನೊಣ

ಪ್ರಯೋಗಶಾಲೆಯೆಂದರೆ ಚಲಚ್ಚಿತ್ರ ತಯಾರಿಸುವವರಿಗೆ ಬಲು ಪ್ರೀತಿ. ಅರಮನೆಯನ್ನಾಗಲಿ ರಣರಂಗವನ್ನಾಗಲಿ ತೆರೆಯ ಮೇಲೆ ತೋರಿಸಬೇಕಾದರೆ ಅಪಾರ ಹಣ ಬೇಕು. ಪ್ರಯೋಗಶಾಲೆಗಾದರೋ ನಾಲ್ಕು ಗಾಜಿನ ಬುರುಡೆಗಳು, ಹೊತ್ತಿ ಆರುವ ಕೆಲವು ದೀಪಗಳು, ಒಂದು ಬಿಳಿಯ ನಿಲುವಂಗಿ, ಇಷ್ಟಿದ್ದರೆ ಸಾಕು. ಎರಡನೆಯ ಮಹಾಯುದ್ಧವು ಮುಗಿದ ಮೇಲೆ, ಪರಮಾಣು ಬಾಂಬಿನ ಭೀತಿ ಜನರ ಮನಸ್ಸಿನಲ್ಲಿ ಇನ್ನೂ ಹಸಿಯಾಗಿದ್ದ ದಿನಗಳಲ್ಲಿ, ಅಮೆರಿಕದಲ್ಲಿ ಇಂತಹ ಅಗ್ಗದ ಭಯಾನಕ ಚಿತ್ರಗಳು ಸಾಲುಸಾಲಾಗಿ ಹೊರಬಂದವು. 1954ರಲ್ಲಿ ದೈತ್ಯಾಕಾರದ ಇರುವೆಗಳು ಬಂದವು. 1955ರಲ್ಲಿ ಗುಡ್ಡದಷ್ಟು ಬೆಳೆದ ಜೇಡ ಬಂದಿತು. ಅವುಗಳಲ್ಲಿ ಬಹುಪಾಲು ಇಂದು ಮರೆತುಹೋಗಿವೆ, ಮರೆತುದರಿಂದ ದೊಡ್ಡ ನಷ್ಟವೇನೂ ಆಗಿಲ್ಲ. ಆದರೆ 1958ರಲ್ಲಿ ತೆರೆಕಂಡ ‘ದಿ ಫ್ಲೈ’ ಎಂಬ ಚಿತ್ರವನ್ನು ಮಾತ್ರ ಹಾಗೆ ತಳ್ಳಿಹಾಕುವಂತಿಲ್ಲ. ಅದರಲ್ಲಿ ವಿಜ್ಞಾನದ ತಪ್ಪುಗಳು ಹೇರಳವಾಗಿವೆ. ಆದರೆ ಒಂದೊಂದು ತಪ್ಪನ್ನೂ ಬೆನ್ನಟ್ಟಿ ಹೋದರೆ ಭೌತವಿಜ್ಞಾನದ, ರಸಾಯನವಿಜ್ಞಾನದ, ಜೀವವಿಜ್ಞಾನದ ಒಂದೊಂದು ಒಳ್ಳೆಯ ಪಾಠ ನಮಗೆ ದೊರೆಯುತ್ತದೆ.

ಈ ಚಿತ್ರದ ಮೂಲವು ಜಾರ್ಜ್ ಲ್ಯಾಂಗಲಾನ್ ಎಂಬ ಲೇಖಕನು ಬರೆದು 1957ರಲ್ಲಿ ಅಮೆರಿಕದ ಮಾಸಪತ್ರಿಕೆಯೊಂದರಲ್ಲಿ ಪ್ರಕಟವಾದ ಸಣ್ಣ ಕಥೆ. ಈ ಲ್ಯಾಂಗಲಾನನು ಯುದ್ಧಕಾಲದಲ್ಲಿ ಬ್ರಿಟನ್ನಿನ ಗುಪ್ತಚರನಾಗಿದ್ದವನು. ಶತ್ರುಗಳ ವಶದಲ್ಲಿದ್ದ ಫ್ರಾನ್ಸಿಗೆ ಹೋಗುವ ಮುನ್ನ ಗುರುತು ಸಿಕ್ಕದಿರಲೆಂದು ಶಸ್ತ್ರಚಿಕಿತ್ಸೆಯಿಂದ ತನ್ನ ಮುಖವನ್ನೇ ಮಾರ್ಪಡಿಸಿಕೊಂಡವನು. ಮುಖ ಬದಲಾದ ಮನುಷ್ಯನ ಕಥೆಯು ಅವನ ಲೇಖನಿಯಿಂದ ಬಂದುದರಲ್ಲಿ ಆಶ್ಚರ್ಯವಿಲ್ಲ. ಚಿತ್ರವನ್ನು ನಿರ್ದೇಶಿಸಿದವನು ಕರ್ಟ್ ನ್ಯೂಮನ್; ಚಿತ್ರಕಥೆ ಜೇಮ್ಸ್ ಕ್ಲಾವೆಲನದು. ಖರ್ಚಾದುದು ಐದು ಲಕ್ಷ ಡಾಲರಿಗೂ ಕಡಿಮೆ. ಎರಡು ವರ್ಷ ಮೊದಲು ಬಂದಿದ್ದ ‘ದಿ ಟೆನ್ ಕಮ್ಯಾಂಡ್‌ಮೆಂಟ್ಸ್’ ಚಿತ್ರಕ್ಕೆ ಸುಮಾರು ಒಂದು ಕೋಟಿ ಮೂವತ್ತು ಲಕ್ಷ ಡಾಲರು ವೆಚ್ಚವಾಗಿತ್ತೆಂಬುದನ್ನು ನೆನೆದರೆ, ಇದೆಷ್ಟು ಕೈಹಿಡಿತದ ಕೆಲಸವೆಂಬುದು ತಿಳಿದೀತು. ಹಾಕಿದ ಹಣದ ಹಲವು ಪಟ್ಟು ಗಳಿಕೆಯಾಯಿತು. ಆದರೆ ನ್ಯೂಮನ್ನನು ಅದನ್ನು ಹೆಚ್ಚು ಕಾಲ ಕಾಣಲಿಲ್ಲ; ಚಿತ್ರ ಬಿಡುಗಡೆಯಾದ ಕೆಲವೇ ವಾರಗಳಲ್ಲಿ ತೀರಿಕೊಂಡನು.

ಕಥೆ ನಡೆಯುವುದು ಕೆನಡದ ಮಾಂಟ್ರಿಯಲ್ ನಗರದಲ್ಲಿ. ಆಂದ್ರೆ ಡೆಲಾಂಬ್ರ್ ಎಂಬ ವಿಜ್ಞಾನಿಯು ತನ್ನ ಮನೆಯ ನೆಲಮಾಳಿಗೆಯಲ್ಲಿ ಒಂದು ಯಂತ್ರವನ್ನು ಕಟ್ಟಿರುತ್ತಾನೆ. ಅದರಲ್ಲಿ ಎರಡು ಗಾಜಿನ ಕೋಣೆಗಳು. ಒಂದು ಕೋಣೆಯಲ್ಲಿ ಇಟ್ಟ ವಸ್ತುವು ಪರಮಾಣುಗಳಾಗಿ ಚದುರಿ, ಬೆಳಕಿನ ವೇಗದಲ್ಲಿ ಸಾಗಿ, ಇನ್ನೊಂದರಲ್ಲಿ ಮತ್ತೆ ಮೊದಲಿನ ರೂಪಕ್ಕೆ ಬರಬೇಕು. ದೂರದರ್ಶನವು ಚಿತ್ರವನ್ನು ಕಳುಹಿಸುವಂತೆ ಇದು ವಸ್ತುವನ್ನೇ ಕಳುಹಿಸುತ್ತದೆಯೆಂದು ಅವನು ಹೆಂಡತಿ ಎಲೆನಳಿಗೆ ವಿವರಿಸುತ್ತಾನೆ. ಮೊದಲು ಒಂದು ಪುಟ್ಟ ತಟ್ಟೆ ಹೋಗಿ ಬರುತ್ತದೆ. ಆದರೆ ಅದರ ಹಿಂಬದಿಯಲ್ಲಿದ್ದ ‘ಜಪಾನಿನಲ್ಲಿ ತಯಾರಾದುದು’ ಎಂಬ ಇಂಗ್ಲಿಷ್ ಅಕ್ಷರಗಳು ಕನ್ನಡಿಯಲ್ಲಿ ಕಂಡಂತೆ ತಿರುಗಿರುತ್ತವೆ. (ಈ ತಟ್ಟೆಯನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕು.) ಆ ದೋಷವನ್ನು ತಿದ್ದಿದ ಮೇಲೆ ಮನೆಯ ಬೆಕ್ಕನ್ನು ಕಳುಹಿಸಲಾಗುತ್ತದೆ. ಬೆಕ್ಕು ಮರಳುವುದಿಲ್ಲ, ಎಲ್ಲಿಂದಲೋ ಅದರ ಕೂಗು ಮಾತ್ರ ಕೇಳಿಬರುತ್ತದೆ. ಬಳಿಕ ಒಂದು ಗಿನಿಯಿಲಿ ಸುರಕ್ಷಿತವಾಗಿ ದಾಟುತ್ತದೆ. ಕೊನೆಗೆ ಆಂದ್ರೆಯು ತಾನೇ ಒಳಹೊಕ್ಕು ಬಾಗಿಲು ಮುಚ್ಚಿಕೊಳ್ಳುತ್ತಾನೆ. ಅವನ ಜೊತೆಯಲ್ಲಿ, ಅವನಿಗೆ ತಿಳಿಯದಂತೆ, ಒಂದು ನೊಣವೂ ಒಳಗಿರುತ್ತದೆ.

ಹೊರಬಂದ ಮನುಷ್ಯನಿಗೆ ನೊಣದ ತಲೆ, ನೊಣದ ಒಂದು ಕೈ. ಹಾರಿಹೋದ ನೊಣಕ್ಕೆ ಮನುಷ್ಯನ ತಲೆ, ಮನುಷ್ಯನ ಒಂದು ಕೈ. ಆಂದ್ರೆಯು ತಲೆಯ ಮೇಲೆ ಕಪ್ಪು ಬಟ್ಟೆ ಹೊದ್ದು, ಮಾತಿಲ್ಲದೆ, ಬರೆದು ತೋರಿಸಿ, ಆ ಬಿಳಿತಲೆಯ ನೊಣವನ್ನು ಹಿಡಿದುಕೊಡೆಂದು ಹೆಂಡತಿಯನ್ನು ಬೇಡುತ್ತಾನೆ. ನೊಣ ಸಿಕ್ಕುವುದಿಲ್ಲ. ತನ್ನ ಬುದ್ಧಿಯೇ ಜಾರುತ್ತಿದೆಯೆಂದು ತಿಳಿದಾಗ ಅವನು ಯಂತ್ರವನ್ನು ಒಡೆದು, ಕಾಗದಗಳನ್ನು ಸುಟ್ಟು, ಕಾರ್ಖಾನೆಯ ಒತ್ತುಯಂತ್ರದ ಕೆಳಗೆ ತಲೆಯೊಡ್ಡುತ್ತಾನೆ. ಗುಂಡಿ ಒತ್ತುವವಳು ಎಲೆನಳೇ. ಕಡೆಯ ದೃಶ್ಯದಲ್ಲಿ ತೋಟದ ಜೇಡರಬಲೆಯೊಂದರಲ್ಲಿ ಸಿಕ್ಕಿಬಿದ್ದ ಆ ನೊಣವು ಎಳೆಯ ದನಿಯಲ್ಲಿ ‘ಕಾಪಾಡಿ, ಕಾಪಾಡಿ’ ಎಂದು ಅರಚುತ್ತದೆ. ಒಮ್ಮೆ ನೋಡಿದವರು ಈ ದೃಶ್ಯವನ್ನು ಮರೆಯಲಾರರು.

ಮೊದಲು ಯಂತ್ರದ ವಿಚಾರ. ವಸ್ತುವನ್ನು ಬೆಳಕಿನ ವೇಗದಲ್ಲಿ ಕಳುಹಿಸಬೇಕಾದರೆ ಅದನ್ನು ಶಕ್ತಿಯಾಗಿ ಮಾರ್ಪಡಿಸಬೇಕು. ಐನ್‌ಸ್ಟೈನನ ಸಮೀಕರಣವನ್ನು ಬಳಸಿ ಲೆಕ್ಕ ಹಾಕಿದರೆ, 70 ಕಿಲೋಗ್ರಾಂ ತೂಕದ ಮನುಷ್ಯನ ದೇಹವು ಪೂರ್ತಿಯಾಗಿ ಶಕ್ತಿಯಾದಾಗ ಹೊರಬೀಳುವುದು ಸುಮಾರು 1,500 ಮೆಗಾಟನ್ ಸಿಡಿಮದ್ದಿನ ಶಕ್ತಿ. 1961ರಲ್ಲಿ ಸೋವಿಯತ್ ಒಕ್ಕೂಟವು ಸಿಡಿಸಿದ, ಮಾನವನು ಈವರೆಗೆ ಸಿಡಿಸಿದವುಗಳಲ್ಲೆಲ್ಲ ದೊಡ್ಡದಾದ ಬಾಂಬಿನ ಬಲ ಸುಮಾರು 50 ಮೆಗಾಟನ್. ಅಂತಹ ಮೂವತ್ತು ಬಾಂಬುಗಳನ್ನು ಮಾಂಟ್ರಿಯಲ್ಲಿನ ಒಂದು ನೆಲಮಾಳಿಗೆಯಲ್ಲಿ ಒಮ್ಮೆಗೇ ಸಿಡಿಸಿದಂತಾಯಿತು. ನೊಣವೊಂದೇ, ಹನ್ನೆರಡು ಮಿಲಿಗ್ರಾಂ ತೂಕದ್ದು, ಸುಮಾರು 250 ಟನ್ ಸಿಡಿಮದ್ದಿಗೆ ಸಮನಾದೀತು. ಬೆಕ್ಕನ್ನು ಕಳುಹಿಸಿದಾಗಲೇ ಕಥೆ ಮುಗಿದು, ನಗರವೂ ಮುಗಿಯಬೇಕಾಗಿತ್ತು.

ವಸ್ತುವನ್ನು ಕಳುಹಿಸದೆ ಅದರ ವಿವರವನ್ನಷ್ಟೇ ಕಳುಹಿಸಿ, ಅಲ್ಲಿರುವ ಪರಮಾಣುಗಳಿಂದ ಹೊಸದಾಗಿ ಕಟ್ಟಬಾರದೇಕೆ ಎಂದು ಕೇಳಬಹುದು. ಮನುಷ್ಯದೇಹದಲ್ಲಿರುವ ಪರಮಾಣುಗಳ ಸಂಖ್ಯೆ ಸುಮಾರು 7ರ ಮುಂದೆ 27 ಸೊನ್ನೆಗಳು. ಒಂದೊಂದು ಪರಮಾಣುವಿನ ಸ್ಥಾನವನ್ನೂ ಗುರುತುಹಾಕಿಕೊಳ್ಳಬೇಕು. ಸೆಕೆಂಡಿಗೆ ಸಾವಿರ ಲಕ್ಷ ಕೋಟಿ ಪರಮಾಣುಗಳನ್ನು ಗುರುತಿಸುವ ಯಂತ್ರವಿದ್ದರೂ ಕೆಲಸ ಮುಗಿಯಲು ಎರಡು ಲಕ್ಷ ವರ್ಷಗಳಿಗೂ ಮಿಕ್ಕ ಕಾಲ ಹಿಡಿಯುತ್ತದೆ. ಅಷ್ಟು ಹೊತ್ತು ಆಂದ್ರೆಯು ಕಣ್ಣು ಮಿಟುಕಿಸದೆ ನಿಂತಿರಬೇಕು!

ಹೀಗಿದ್ದರೂ ‘ದೂರಸಾಗಣೆ’ ಎಂಬ ಮಾತು ಈಗ ಭೌತವಿಜ್ಞಾನದಲ್ಲಿ ಗಂಭೀರವಾಗಿಯೇ ಬಳಕೆಯಲ್ಲಿದೆ. 1993ರಲ್ಲಿ ಚಾರ್ಲ್ಸ್ ಬೆನೆಟ್ ಮತ್ತು ಅವನ ಐವರು ಸಹೋದ್ಯೋಗಿಗಳು, ಒಂದು ಕಣದ ಕ್ವಾಂಟಮ್ ಸ್ಥಿತಿಯನ್ನು ದೂರದ ಇನ್ನೊಂದು ಕಣಕ್ಕೆ ವರ್ಗಾಯಿಸುವುದು ಸಾಧ್ಯವೆಂದು ಗಣಿತದಿಂದ ತೋರಿಸಿದರು. 1997ರಲ್ಲಿ ಆಸ್ಟ್ರಿಯದ ಇನ್ಸ್‌ಬ್ರುಕ್‌ನಲ್ಲಿ ಆಂಟೊನ್ ಝೈಲಿಂಗರನ ತಂಡವು ಬೆಳಕಿನ ಕಣಗಳ ಮೇಲೆ ಇದನ್ನು ನಡೆಸಿ ತೋರಿಸಿತು. 2017ರಲ್ಲಿ ಚೀನದ ವಿಜ್ಞಾನಿಗಳು ನೆಲದಿಂದ ಉಪಗ್ರಹಕ್ಕೆ, 1,400 ಕಿಲೋಮೀಟರುಗಳವರೆಗಿನ ದೂರಕ್ಕೆ, ಇಂತಹ ವರ್ಗಾವಣೆ ಮಾಡಿದರು. ಆದರೆ ಇಲ್ಲಿ ಸಾಗುವುದು ಸ್ಥಿತಿಯೇ ಹೊರತು ಕಣವಲ್ಲ; ಜೊತೆಗೆ ಸಾಮಾನ್ಯ ಮಾರ್ಗದಲ್ಲಿ ಒಂದು ಸಂದೇಶವನ್ನೂ ಕಳುಹಿಸಬೇಕಾಗುವುದರಿಂದ ಬೆಳಕನ್ನು ಹಿಂದಿಕ್ಕಲು ಆಗುವುದಿಲ್ಲ. ಇನ್ನೊಂದು ಸ್ವಾರಸ್ಯವುಂಟು. ಸ್ಥಿತಿಯು ಅತ್ತ ಮೂಡಬೇಕಾದರೆ ಇತ್ತ ಮೂಲವು ಅಳಿಯಲೇಬೇಕು. ಈ ಒಂದು ಅಂಶದಲ್ಲಿ ಆಂದ್ರೆಯ ಯಂತ್ರವು, ಅರಿಯದೆಯೇ, ಸರಿಯಾದ ಊಹೆ ಮಾಡಿತ್ತೆನ್ನಬೇಕು.

ಇನ್ನು ಗಾತ್ರದ ಪ್ರಶ್ನೆ. ನೊಣದ ತಲೆಯ ಅಗಲ ಸುಮಾರು ಎರಡು ಮಿಲಿಮೀಟರು. ಅದು ಮನುಷ್ಯನ ಹೆಗಲ ಮೇಲೆ ಕುಳಿತುಕೊಳ್ಳಬೇಕಾದರೆ ಉದ್ದಗಲ ಎತ್ತರಗಳಲ್ಲಿ ನೂರು ಪಟ್ಟು ಬೆಳೆಯಬೇಕು. ಉದ್ದವು ನೂರು ಪಟ್ಟಾದರೆ ಮೇಲ್ಮೈಯು ಹತ್ತು ಸಾವಿರ ಪಟ್ಟು, ಗಾತ್ರವು ಹತ್ತು ಲಕ್ಷ ಪಟ್ಟು ಆಗುತ್ತದೆ. ಗೆಲಿಲಿಯೋ 1638ರಲ್ಲಿಯೇ ವಿವರಿಸಿದ ನಿಯಮವಿದು. ಇದೇ ವಿಷಯವಾಗಿ 1926ರಲ್ಲಿ ಸೊಗಸಾದ ಪ್ರಬಂಧವೊಂದನ್ನು ಬರೆದ ಜೆ. ಬಿ. ಎಸ್. ಹಾಲ್ಡೇನರು, ಈ ಚಿತ್ರವು ತೆರೆಕಾಣುವ ಹೊತ್ತಿಗೆ ಇಂಗ್ಲೆಂಡನ್ನು ಬಿಟ್ಟು ಭಾರತದಲ್ಲಿ ನೆಲೆಸಿದ್ದರು. 1964ರಲ್ಲಿ ಭುವನೇಶ್ವರದಲ್ಲಿ ತೀರಿಕೊಂಡರು. ಕೀಟಗಳು ಏಕೆ ದೊಡ್ಡವಾಗಿ ಬೆಳೆಯಲಾರವೆಂಬುದಕ್ಕೆ ಅವರು ಕೊಟ್ಟ ಕಾರಣ ಉಸಿರಾಟಕ್ಕೆ ಸಂಬಂಧಿಸಿದ್ದು. ನೊಣಕ್ಕೆ ಶ್ವಾಸಕೋಶವಿಲ್ಲ. ಅದರ ಎದೆ ಹೊಟ್ಟೆಗಳ ಪಕ್ಕದಲ್ಲಿ ಸಣ್ಣ ರಂಧ್ರಗಳಿವೆ. ಅಲ್ಲಿಂದ ಕವಲೊಡೆದ ಕೊಳವೆಗಳ ಮೂಲಕ ಗಾಳಿಯು ನೇರವಾಗಿ ಅಂಗಾಂಗಗಳನ್ನು ಸೇರುತ್ತದೆ. ಅದರ ರಕ್ತಕ್ಕೆ ಆಮ್ಲಜನಕವನ್ನು ಹೊರುವ ಕೆಲಸವಿಲ್ಲ. ಹೀಗಿರುವಾಗ ಮನುಷ್ಯನ ಮುಂಡದ ಮೇಲೆ ಕುಳಿತ ನೊಣದ ತಲೆಗೆ ಗಾಳಿ ಎಲ್ಲಿಂದ ಬರಬೇಕು? ತಲೆಯಲ್ಲಿ ರಂಧ್ರವಿಲ್ಲ, ಮುಂಡದಲ್ಲಿ ಕೊಳವೆಯಿಲ್ಲ. ಹೆಂಡತಿಗೆ ಚೀಟಿ ಬರೆಯುವಷ್ಟು ಹೊತ್ತು ಆಂದ್ರೆ ಬದುಕಿರುತ್ತಿರಲಿಲ್ಲ.

ನೊಣದ ಮೈಮೇಲೆ ಕುಳಿತ ಮನುಷ್ಯನ ತಲೆಯ ಪಾಡು ಇನ್ನೂ ಕಷ್ಟ. ಐದು ಕಿಲೋಗ್ರಾಮಿನ ತಲೆಯು ಐದು ಮಿಲಿಗ್ರಾಮಿಗೆ ಇಳಿಯಬೇಕು. ಮಿಕ್ಕ ದ್ರವ್ಯವೆಲ್ಲ ಎಲ್ಲಿಗೆ ಹೋಯಿತೆಂದು ಚಿತ್ರದಲ್ಲಿ ಯಾರೂ ಕೇಳುವುದಿಲ್ಲ. ನಮ್ಮ ಮೆದುಳಿನಲ್ಲಿ ಸುಮಾರು 8,600 ಕೋಟಿ ನರಕೋಶಗಳಿವೆ. ನೊಣದ ಸಂಬಂಧಿಯಾದ ಹಣ್ಣುನೊಣದ ಮೆದುಳಿನಲ್ಲಿ ಸುಮಾರು 1,40,000 ಮಾತ್ರ. ಅವುಗಳ ಸಮಸ್ತ ಜೋಡಣೆಯ ನಕ್ಷೆಯೂ 2024ರಲ್ಲಿ ಪ್ರಕಟವಾಗಿದೆ. ನಮ್ಮ ನರಕೋಶಗಳನ್ನೆಲ್ಲ ಎರಡು ಮಿಲಿಮೀಟರಿನ ತಲೆಯಲ್ಲಿ ತುಂಬಬೇಕಾದರೆ ಒಂದೊಂದೂ ವೈರಸ್ಸಿನಷ್ಟು ಚಿಕ್ಕದಾಗಬೇಕು. ಕೋಶಗಳು ಹಾಗೆ ಕುಗ್ಗಲಾರವು. ಅವುಗಳ ಪೊರೆಯು ಅಣುಗಳ ಎರಡು ಪದರಗಳಿಂದಾದುದು. ಅಣುವಿನ ಗಾತ್ರವನ್ನು ಯಾವ ಯಂತ್ರವೂ ಬದಲಾಯಿಸಲಾರದು. ಆದುದರಿಂದ ಆ ಪುಟ್ಟ ತಲೆಯಲ್ಲಿ ‘ಕಾಪಾಡಿ’ ಎಂದು ಹೇಳಬೇಕೆಂಬ ಆಲೋಚನೆಯೇ ಹುಟ್ಟುವಂತಿಲ್ಲ.

ಹುಟ್ಟಿತೆಂದೇ ಇಟ್ಟುಕೊಳ್ಳೋಣ, ನೊಣದ ಮೈಯಲ್ಲಿ ದನಿಯೂದುವ ಶ್ವಾಸಕೋಶವೂ ಇದೆಯೆಂದು ಒಪ್ಪೋಣ. ಆಗ ಆ ಕೂಗು ಹೇಗೆ ಕೇಳಿಸಬೇಕು? ವೀಣೆಯ ತಂತಿಯನ್ನು ಅರ್ಧಕ್ಕೆ ಒತ್ತಿಹಿಡಿದರೆ ಸ್ವರವು ಇಮ್ಮಡಿ ಏರುತ್ತದೆ. ಅದೇ ರೀತಿ ಗಂಟಲಿನ ಎಲ್ಲ ಭಾಗಗಳೂ ನೂರರಲ್ಲೊಂದು ಪಾಲಾದರೆ ಸ್ವರವು ನೂರು ಪಟ್ಟು ಏರಬೇಕು. ಗಂಡಸಿನ ಮಾತಿನ ಮೂಲಸ್ವರ ಸೆಕೆಂಡಿಗೆ ಸುಮಾರು 120 ಕಂಪನಗಳು. ಅದು 12,000 ಆಗುತ್ತದೆ. ಇದು ಎಳೆಯರ ಕಿವಿಗೆ ಸಣ್ಣ ಸಿಳ್ಳಿನಂತೆ ಕೇಳಿಸೀತು. ಆದರೆ ಅ, ಇ, ಉ ಎಂಬ ಸ್ವರಗಳನ್ನು ಒಂದರಿಂದೊಂದು ಬೇರ್ಪಡಿಸಿ ಮಾತನ್ನು ಮಾತಾಗಿಸುವುದು ಬಾಯಿ ಗಂಟಲುಗಳ ಪೊಳ್ಳಿನಲ್ಲಿ ಏಳುವ ಅನುರಣನ. ಅದರ ಕಂಪನಗಳು ಐವತ್ತು ಸಾವಿರಕ್ಕೂ ಮೇಲೇರುತ್ತವೆ. ನಮ್ಮ ಕಿವಿಯ ಮಿತಿ ಇಪ್ಪತ್ತು ಸಾವಿರ. ತೋಟದಲ್ಲಿ ನಿಂತಿದ್ದ ವಯಸ್ಸಾದ ಪೊಲೀಸ್ ಅಧಿಕಾರಿಗೆ ಬಹುಶಃ ಏನೂ ಕೇಳಿಸುತ್ತಿರಲಿಲ್ಲ. ಹತ್ತಿರದಲ್ಲೊಂದು ಬಾವಲಿಯಿದ್ದಿದ್ದರೆ ಅದಕ್ಕೆ ಕೇಳಿಸುತ್ತಿತ್ತು. ಆದರೆ ಬಾವಲಿಯು ಕಾಪಾಡುವ ಪ್ರಾಣಿಯಲ್ಲ, ನೊಣವನ್ನು ತಿನ್ನುವ ಪ್ರಾಣಿ.

ಚಿತ್ರದ ಅತಿ ಪ್ರಸಿದ್ಧವಾದ ದೃಶ್ಯವು ಕಣ್ಣಿಗೆ ಸಂಬಂಧಿಸಿದುದು. ಎಲೆನಳು ಗಂಡನ ಮುಸುಕನ್ನು ಎಳೆದುಬಿಡುತ್ತಾಳೆ. ಆ ಮುಖವನ್ನು ಕಂಡು ಅವಳು ಕಿರಿಚುತ್ತಿರುವಾಗ ನಮಗೆ ಅವನ ಕಣ್ಣಿನಿಂದ ದೃಶ್ಯವನ್ನು ತೋರಿಸಲಾಗುತ್ತದೆ: ಅಗಲವಾದ ತೆರೆಯ ತುಂಬ ಜೇನುಗೂಡಿನ ಕೋಣೆಗಳಂತೆ ಹತ್ತಾರು ಎಲೆನಳರು, ಎಲ್ಲರೂ ಒಟ್ಟಿಗೆ ಕಿರಿಚುತ್ತಿದ್ದಾರೆ. ನೊಣಕ್ಕೆ ಒಂದು ವಸ್ತುವು ನೂರಾರಾಗಿ ಕಾಣುತ್ತದೆಂಬ ನಂಬಿಕೆ ಅನೇಕರಲ್ಲಿ ಇಂದಿಗೂ ಇರುವುದಕ್ಕೆ ಈ ದೃಶ್ಯವೇ ಬಹುಮಟ್ಟಿಗೆ ಕಾರಣವಾಗಿರಬಹುದು. ಆದರೆ ನಂಬಿಕೆಯ ಬೇರು ಚಲಚ್ಚಿತ್ರಕ್ಕಿಂತ ಬಹಳ ಹಳೆಯದು. ಹದಿನೇಳನೆಯ ಶತಮಾನದ ಕೊನೆಯಲ್ಲಿ ಹಾಲೆಂಡಿನ ಲೇವನ್‌ಹುಕನು ಕೀಟವೊಂದರ ಕಣ್ಣಿನ ಹೊರಪೊರೆಯನ್ನು ಬಿಡಿಸಿ, ತನ್ನ ಸೂಕ್ಷ್ಮದರ್ಶಕದಲ್ಲಿಟ್ಟು, ಅದರ ಮೂಲಕ ಮೇಣದ ಬತ್ತಿಯ ಜ್ವಾಲೆಯನ್ನು ನೋಡಿದನು. ನೂರಾರು ಪುಟ್ಟ ಜ್ವಾಲೆಗಳು, ತಲೆಕೆಳಗಾಗಿ, ಅವನಿಗೆ ಕಾಣಿಸಿದವು. ಅವನು ಕಂಡದ್ದು ನಿಜ. ಆದರೆ ಅವನಿಗೆ ಕಂಡಂತೆ ಕೀಟಕ್ಕೆ ಕಾಣುವುದಿಲ್ಲ.

ಏಕೆಂದರೆ ಕಣ್ಣೆಂದರೆ ಮಸೂರ ಮಾತ್ರವಲ್ಲ; ಮಸೂರದ ಹಿಂದೆ ಏನಿದೆಯೆಂಬುದು ಮುಖ್ಯ. ಮನೆನೊಣದ ಒಂದೊಂದು ಕಣ್ಣಿನಲ್ಲಿಯೂ ಮೂರು ಸಾವಿರಕ್ಕೂ ಮೇಲ್ಪಟ್ಟು ಪುಟ್ಟ ಮಸೂರಗಳಿವೆ. ಒಂದೊಂದರ ಹಿಂದೆಯೂ ನಮ್ಮ ಕಣ್ಣಿನಲ್ಲಿರುವಂತೆ ಲಕ್ಷಾಂತರ ಗ್ರಾಹಕಕೋಶಗಳ ಅಕ್ಷಿಪಟವಿಲ್ಲ, ಬೆರಳೆಣಿಕೆಯ ಕೆಲವು ಕೋಶಗಳಿವೆ, ಅಷ್ಟೆ. ಆದುದರಿಂದ ಒಂದು ಮಸೂರಕ್ಕೆ ಇಡಿಯ ಚಿತ್ರವನ್ನು ಗ್ರಹಿಸುವ ಶಕ್ತಿಯಿಲ್ಲ. ಅದು ತನ್ನ ದಿಕ್ಕಿನಿಂದ ಬರುವ ಬೆಳಕು ಎಷ್ಟು, ಎಂತಹುದು ಎಂಬುದನ್ನಷ್ಟೇ ತಿಳಿಸುತ್ತದೆ. ಸಾವಿರಾರು ಚುಕ್ಕೆಗಳು ಸೇರಿ ಒಂದು ರಂಗವಲ್ಲಿ ಆಗುವಂತೆ ಇಲ್ಲಿಯೂ ಒಂದೇ ಚಿತ್ರ ಮೂಡುತ್ತದೆ. ಈ ಸಿದ್ಧಾಂತವನ್ನು ಜರ್ಮನಿಯ ಯೊಹಾನೆಸ್ ಮ್ಯೂಲರನು 1826ರಲ್ಲಿಯೇ ಮುಂದಿಟ್ಟಿದ್ದನು. ಆಸ್ಟ್ರಿಯದ ಸಿಗ್ಮಂಡ್ ಎಕ್ಸ್‌ನರನು ಮಿಂಚುಹುಳುವಿನ ಕಣ್ಣಿನ ಮೂಲಕವೇ ತೆಗೆದ ಛಾಯಾಚಿತ್ರವೊಂದನ್ನು 1891ರಲ್ಲಿ ಪ್ರಕಟಿಸಿದನು. ಅದರಲ್ಲಿ ಇರುವುದು ಒಂದೇ ಬಿಂಬ, ಅದೂ ನೆಟ್ಟಗಿನದು. ಚಿತ್ರ ತಯಾರಾಗುವುದಕ್ಕೆ ಅರವತ್ತೇಳು ವರ್ಷ ಮೊದಲೇ ಉತ್ತರ ಸಿದ್ಧವಾಗಿತ್ತು.

ಹಾಗಾದರೆ ನೊಣದ ಕಣ್ಣಿಗೆ ಎಲೆನಳು ಹೇಗೆ ಕಾಣಬೇಕಾಗಿತ್ತು? ಅಕ್ಕಪಕ್ಕದ ಎರಡು ಮಸೂರಗಳು ನೋಡುವ ದಿಕ್ಕುಗಳ ನಡುವೆ ಎರಡು ಮೂರು ಡಿಗ್ರಿಗಳ ಅಂತರವಿರುತ್ತದೆ. ಒಂದು ಮೀಟರು ದೂರದಲ್ಲಿರುವ ಮುಖವು ಈ ಲೆಕ್ಕದಂತೆ ಹದಿನೈದಿಪ್ಪತ್ತು ಚುಕ್ಕೆಗಳಷ್ಟೇ. ಕಣ್ಣು ಮೂಗು ಬಾಯಿಗಳ ಗುರುತು ಸಿಕ್ಕುವುದೇ ಕಷ್ಟ. ಅವಳು ಕಿರಿಚುತ್ತಿರುವಳೋ ನಗುತ್ತಿರುವಳೋ ಅವನಿಗೆ ತಿಳಿಯುತ್ತಿರಲಿಲ್ಲ. ನನಗೆ ತೋರುವಂತೆ ಇದು ಚಿತ್ರದಲ್ಲಿರುವುದಕ್ಕಿಂತ ಹೆಚ್ಚು ಭಯಾನಕ. ಒಂದು ವಿಷಯದಲ್ಲಿ ಮಾತ್ರ ನೊಣದ ಕಣ್ಣು ನಮ್ಮದನ್ನು ಮೀರಿಸುತ್ತದೆ. ಸೆಕೆಂಡಿಗೆ ಅರವತ್ತು ಸಲ ಮಿನುಗುವ ದೀಪವು ನಮಗೆ ಒಂದೇಸಮನೆ ಉರಿಯುವಂತೆ ಕಾಣುತ್ತದೆ; ನೊಣವು ಇನ್ನೂರಕ್ಕೂ ಮಿಕ್ಕ ಮಿನುಗುಗಳನ್ನು ಬಿಡಿಬಿಡಿಯಾಗಿ ಗುರುತಿಸಬಲ್ಲದು. ನಾವು ಎಷ್ಟು ಬೇಗ ಕೈ ಬೀಸಿದರೂ ಅದು ತಪ್ಪಿಸಿಕೊಳ್ಳುವುದು ಈ ಬಲದಿಂದ. ಹಳೆಯ ಚಿತ್ರಮಂದಿರದ ಯಂತ್ರವು ಸೆಕೆಂಡಿಗೆ 24 ಚಿತ್ರಗಳನ್ನು, ಒಂದೊಂದನ್ನೂ ಎರಡೆರಡು ಬಾರಿ ಬೆಳಗಿಸಿ ತೋರಿಸುತ್ತಿತ್ತು. ಒಳಗೆ ಹೊಕ್ಕ ನೊಣಕ್ಕೆ ಅಲ್ಲಿ ಚಲಿಸುವ ಚಿತ್ರ ಕಾಣುತ್ತಿರಲಿಲ್ಲ. ಹೊತ್ತಿ ಆರುವ ನಿಶ್ಚಲ ಚಿತ್ರಗಳ ಬೇಸರದ ಸಾಲೊಂದು ಕಾಣುತ್ತಿತ್ತು.

ತಲೆಗೆ ತಲೆ, ಕೈಗೆ ಕೈ ಅದಲುಬದಲಾದುದರ ವಿಚಾರಕ್ಕೆ ಬರೋಣ. ನೊಣದಲ್ಲಿರುವ ಇಂಗಾಲದ ಪರಮಾಣುವಿಗೂ ಮನುಷ್ಯನಲ್ಲಿರುವ ಇಂಗಾಲದ ಪರಮಾಣುವಿಗೂ ಭೇದವಿಲ್ಲ. ಇಬ್ಬರ ಪರಮಾಣುಗಳೂ ಬೆರೆತರೆ ಹೊರಬರುವುದು ಕಲಸುಮೇಲೋಗರವೇ ಹೊರತು, ಗೆರೆ ಎಳೆದು ಕತ್ತರಿಸಿದಂತೆ ಅದಲುಬದಲಾದ ಅಂಗಗಳಲ್ಲ. ಅಂಗವೆಂಬುದು ಪರಮಾಣುಗಳಲ್ಲಿಲ್ಲ, ಅವುಗಳ ಜೋಡಣೆಯಲ್ಲಿದೆ. ಆ ಜೋಡಣೆಯ ಸೂಚನೆ ಜೀನುಗಳಲ್ಲಿದೆ. ಇಲ್ಲಿ ನಿಜವಾದ ಪ್ರಯೋಗಶಾಲೆಗಳು ಕಂಡುದು ಚಿತ್ರಕ್ಕಿಂತ ವಿಚಿತ್ರವಾಗಿದೆ. ಒಂದೇ ಒಂದು ಜೀನಿನ ದೋಷದಿಂದ, ಮೀಸೆಗಳಿರಬೇಕಾದ ಕಡೆ ಕಾಲುಗಳು ಮೂಡಿದ ಹಣ್ಣುನೊಣಗಳು ಉಂಟು. ಅಂಗಗಳ ಸ್ಥಾನವನ್ನು ನಿರ್ಧರಿಸುವ ಇಂತಹ ಜೀನುಗಳನ್ನು ದಶಕಗಳ ಕಾಲ ಅಭ್ಯಸಿಸಿದ ಎಡ್ವರ್ಡ್ ಲೂಯಿಸನಿಗೆ 1995ರಲ್ಲಿ ನೊಬೆಲ್ ಬಹುಮಾನದ ಪಾಲು ದೊರೆಯಿತು. ಅದೇ ವರ್ಷ ಸ್ವಿಟ್ಜರ್‌ಲೆಂಡಿನ ಬಾಸೆಲ್ ನಗರದಲ್ಲಿ ವಾಲ್ಟರ್ ಗೇರಿಂಗನ ತಂಡವು ಕಣ್ಣಿನ ಬೆಳವಣಿಗೆಯನ್ನು ಆರಂಭಿಸುವ ಜೀನನ್ನು ಹಣ್ಣುನೊಣದ ಬೇರೆ ಬೇರೆ ಭಾಗಗಳಲ್ಲಿ ಕೆಲಸಕ್ಕೆ ಹಚ್ಚಿ, ಅದರ ಕಾಲಿನ ಮೇಲೆ, ರೆಕ್ಕೆಯ ಮೇಲೆ, ಮೀಸೆಯ ತುದಿಯಲ್ಲಿ ಕಣ್ಣುಗಳನ್ನು ಬೆಳೆಸಿತು. ಬಳಿಕ ಇಲಿಯಲ್ಲಿರುವ ಅದೇ ಬಗೆಯ ಜೀನನ್ನು ನೊಣಕ್ಕೆ ಸೇರಿಸಿದರು. ಆಗಲೂ ಕಣ್ಣು ಬೆಳೆಯಿತು. ಆದರೆ ಇಲಿಯ ಕಣ್ಣಲ್ಲ, ನೊಣದ ಕಣ್ಣು! ‘ಇಲ್ಲೊಂದು ಕಣ್ಣು ಬೇಕು’ ಎಂಬ ಆಜ್ಞೆ ಎರಡು ಪ್ರಾಣಿಗಳಲ್ಲಿಯೂ ಒಂದೇ. ಎಂತಹ ಕಣ್ಣೆಂಬುದನ್ನು ತೀರ್ಮಾನಿಸುವುದು ಆಜ್ಞೆಯನ್ನು ಪಡೆದ ದೇಹ.

ಮನುಷ್ಯನನ್ನೂ ಬೇರೊಂದು ಪ್ರಾಣಿಯನ್ನೂ ನಿಜವಾಗಿ ಬೆರಸಿದ ಪ್ರಯೋಗವೂ ಒಂದುಂಟು. 1965ರಲ್ಲಿ ಆಕ್ಸ್‌ಫರ್ಡಿನಲ್ಲಿ ಹೆನ್ರಿ ಹ್ಯಾರಿಸ್ ಮತ್ತು ಜಾನ್ ವಾಟ್ಕಿನ್ಸ್ ಎಂಬುವರು ಮನುಷ್ಯನ ಜೀವಕೋಶವನ್ನೂ ಇಲಿಯ ಜೀವಕೋಶವನ್ನೂ ಒಂದಾಗಿಸಿದರು. ಇಂತಹ ಬೆರಕೆಯ ಕೋಶಗಳು ವಿಭಜನೆಗೊಳ್ಳುತ್ತ ಹೋದಂತೆ ಅವುಗಳಿಂದ ಮನುಷ್ಯನ ವರ್ಣತಂತುಗಳು ಒಂದೊಂದಾಗಿ ಕಳೆದುಹೋಗಿ ಇಲಿಯವು ಉಳಿದುಕೊಳ್ಳುತ್ತವೆಂದು ಮುಂದೆ ತಿಳಿದುಬಂದಿತು. ಯಾವ ವರ್ಣತಂತು ಹೋದಾಗ ಯಾವ ಗುಣ ಹೋಯಿತೆಂದು ನೋಡಿ, ನಮ್ಮ ಜೀನುಗಳಲ್ಲಿ ಯಾವುದು ಎಲ್ಲಿದೆಯೆಂಬ ನಕ್ಷೆಯನ್ನು ವಿಜ್ಞಾನಿಗಳು ಬಹುಕಾಲ ಈ ದಾರಿಯಿಂದಲೇ ತಯಾರಿಸಿದರು. ದೈತ್ಯನೊಬ್ಬನೂ ಹುಟ್ಟಲಿಲ್ಲ.

ಆಂದ್ರೆಯ ಕೆಲಸದ ರೀತಿಯ ಬಗೆಗೆ ವಿದ್ಯಾರ್ಥಿಗಳಿಗೆ ಒಂದು ಮಾತು ಹೇಳಬೇಕು. ಪ್ರಾಣಿಗಳ ಮೇಲೆ ನಡೆದುದಾಗಿ ಚಿತ್ರದಲ್ಲಿ ಕಾಣುವುದು ಒಂದು ಸೋಲು, ಒಂದು ಗೆಲುವು. ಬೆಕ್ಕೇಕೆ ಮರಳಲಿಲ್ಲವೆಂಬುದು ಸ್ಪಷ್ಟವಾಗುವ ಮೊದಲೇ ಅವನು ತಾನು ಒಳಹೊಕ್ಕಿದ್ದಾನೆ. ಜೊತೆಗೆ ಸಹಾಯಕನಿಲ್ಲ; ಕೋಣೆಯು ಬರಿದಾಗಿದೆಯೇ ಎಂದು ನೋಡುವವರಿಲ್ಲ. ತಮ್ಮ ಮೇಲೆಯೇ ಪ್ರಯೋಗ ನಡೆಸಿಕೊಂಡವರು ನಿಜವಾಗಿಯೂ ಇದ್ದರು. ರಷ್ಯದ ಅಲೆಕ್ಸಾಂಡರ್ ಬೊಗ್ದಾನೊವ್ ವಿದ್ಯಾರ್ಥಿಯೊಬ್ಬನೊಡನೆ ರಕ್ತ ಬದಲಾಯಿಸಿಕೊಂಡು 1928ರಲ್ಲಿ ಮಡಿದನು. ಆಸ್ಟ್ರೇಲಿಯದ ಬ್ಯಾರಿ ಮಾರ್ಷಲ್ 1984ರಲ್ಲಿ ಹೊಟ್ಟೆಯ ರೋಗದ ಬ್ಯಾಕ್ಟೀರಿಯಗಳನ್ನು ಕುಡಿದು, ಕಾಯಿಲೆ ಬಿದ್ದು, ಗುಣಹೊಂದಿ, 2005ರಲ್ಲಿ ನೊಬೆಲ್ ಬಹುಮಾನ ಪಡೆದನು. ಇಬ್ಬರ ಧೈರ್ಯವೂ ಒಂದೇ ತೂಕದ್ದು. ಆದರೆ ಮಾರ್ಷಲನಿಗೆ ತಾನು ಕುಡಿದುದು ಏನೆಂದು ಗೊತ್ತಿತ್ತು.

ಇನ್ನು ಆ ತಟ್ಟೆ. ಅಕ್ಷರಗಳು ತಿರುಗುಮುರುಗಾಗಿ ಬಂದ ತಟ್ಟೆಯ ಮೇಲೆ ಚಿತ್ರವು ಹೆಚ್ಚು ಹೊತ್ತು ನಿಲ್ಲುವುದಿಲ್ಲ. ನನ್ನ ಅಭಿಪ್ರಾಯದಲ್ಲಿ ಇಡಿಯ ಕಥೆಯಲ್ಲಿ ವಿಜ್ಞಾನಕ್ಕೆ ತೀರ ಸಮೀಪವಾದುದೂ ತೀರ ಅಪಾಯದ್ದೂ ಅದೇ. ತಟ್ಟೆಯ ಬದಲು ಆಂದ್ರೆಯೇ ಹಾಗೆ ಎಡಬಲ ತಿರುಗಿ ಹೊರಬಂದಿದ್ದರೆ ಏನಾಗುತ್ತಿತ್ತು? ನೋಡುವುದಕ್ಕೆ ಹೆಂಡತಿಗೂ ವ್ಯತ್ಯಾಸ ಕಾಣದು. ಹೃದಯ ಬಲಕ್ಕೆ ಸರಿದಿರುತ್ತದೆ. ಅದರಿಂದೇನೂ ತೊಂದರೆಯಿಲ್ಲ, ಅಂತಹವರು ನಮ್ಮ ನಡುವೆಯೇ ಇದ್ದಾರೆ. ಆದರೆ ರಾತ್ರಿಯ ಊಟದಿಂದ ಅವನ ಉಪವಾಸ ಆರಂಭವಾಗುತ್ತಿತ್ತು.

ಇದನ್ನು ತಿಳಿಯಲು 1848ಕ್ಕೆ ಹಿಂದಿರುಗಬೇಕು. ಆಗ ಇಪ್ಪತ್ತೈದು ವರ್ಷದವನಾಗಿದ್ದ ಲೂಯಿ ಪಾಶ್ಚರನು ದ್ರಾಕ್ಷಾರಸದ ಪೀಪಾಯಿಗಳಲ್ಲಿ ಗರಣೆಗಟ್ಟುವ ಆಮ್ಲಗಳ ಲವಣಗಳನ್ನು ಪರೀಕ್ಷಿಸುತ್ತಿದ್ದನು. (ನಮ್ಮ ಹುಣಸೆಹಣ್ಣಿನ ಹುಳಿಗೆ ಕಾರಣವಾದ ಟಾರ್ಟಾರಿಕ್ ಆಮ್ಲವೂ ಈ ಕುಟುಂಬದ್ದೇ.) ಒಂದು ಲವಣದ ಹರಳುಗಳಲ್ಲಿ ಎರಡು ಬಗೆಯಿರುವುದನ್ನು ಅವನು ಕಂಡನು, ಎಡಗೈಗೆ ಬಲಗೈ ಹೇಗೋ ಹಾಗೆ ಒಂದಕ್ಕೊಂದು ಕನ್ನಡಿಯ ಬಿಂಬ. ಸೂಕ್ಷ್ಮದರ್ಶಕದ ಕೆಳಗೆ ಅವುಗಳನ್ನು ಒಂದೊಂದಾಗಿ ಆರಿಸಿ ಎರಡು ರಾಶಿ ಮಾಡಿ ನೀರಿನಲ್ಲಿ ಕರಗಿಸಿದಾಗ, ಧ್ರುವೀಕರಿಸಿದ ಬೆಳಕನ್ನು ಒಂದು ದ್ರಾವಣವು ಬಲಕ್ಕೆ, ಇನ್ನೊಂದು ಎಡಕ್ಕೆ ತಿರುಗಿಸಿತು. ಅಣುಗಳಲ್ಲಿಯೂ ಎಡಚ ಬಲಚವೆಂಬ ಭೇದವುಂಟೆಂದು ಇದರಿಂದ ಸಿದ್ಧವಾಯಿತು. ಜೀವಿಗಳು ಈ ಎರಡರಲ್ಲಿ ಒಂದನ್ನು ಆರಿಸಿಕೊಂಡಿವೆ. ನಮ್ಮ ಪ್ರೋಟೀನುಗಳನ್ನು ಕಟ್ಟುವ ಅಮೈನೋ ಆಮ್ಲಗಳು, ಎಡಬಲಗಳಿಲ್ಲದ ಗ್ಲೈಸೀನ್ ಒಂದನ್ನು ಬಿಟ್ಟರೆ, ಎಲ್ಲವೂ ಎಡಚ. ಜೀನುಗಳಲ್ಲಿರುವ ಸಕ್ಕರೆ ಬಲಚ. ಬ್ಯಾಕ್ಟೀರಿಯದಿಂದ ಆನೆಯವರೆಗೆ ಈ ಕಟ್ಟಳೆ ಒಂದೇ. ಕಾರ್ವೋನ್ ಎಂಬ ಒಂದೇ ವಸ್ತುವಿನ ಎರಡು ಕನ್ನಡಿರೂಪಗಳಲ್ಲಿ ಒಂದು ಪುದೀನ ಜಾತಿಯ ಗಿಡದ ವಾಸನೆಯನ್ನು, ಇನ್ನೊಂದು ಶಾಜೀರಿಗೆಯ ವಾಸನೆಯನ್ನು ಕೊಡುತ್ತದೆ. ನಮ್ಮ ಮೂಗಿಗೇ ಈ ಭೇದ ತಿಳಿಯುತ್ತದೆ. ಎಡಚ ಗ್ಲೂಕೋಸ್ ನಾಲಿಗೆಗೆ ಸಿಹಿಯಾದರೂ ದೇಹಕ್ಕೆ ಇಂಧನವಾಗಲಾರದು, ಏಕೆಂದರೆ ಬಲಗಾಲಿನ ಜೋಡಿಗೆ ಎಡಗಾಲು ಹೊಂದದಂತೆ ನಮ್ಮ ಕಿಣ್ವಗಳಿಗೆ ಅದು ಹೊಂದುವುದಿಲ್ಲ. ಕನ್ನಡಿಯ ಆಂದ್ರೆಗೆ ಲೋಕದ ಅನ್ನವೆಲ್ಲ ಹೀಗೆಯೇ ಹೊಂದದ ಜೋಡಾಗುತ್ತಿತ್ತು. ಕಥೆ ಪ್ರಕಟವಾದ 1957ರಲ್ಲಿಯೇ ಪರಮಾಣುವಿನ ಒಳಗೂ ನಿಸರ್ಗವು ಎಡಬಲಗಳಲ್ಲಿ ಪಕ್ಷಪಾತ ಮಾಡುತ್ತದೆಂಬುದು ಮೇಡಮ್ ವೂ ನಡೆಸಿದ ಪ್ರಯೋಗದಿಂದ ಲೋಕಕ್ಕೆ ತಿಳಿದಿತ್ತೆಂಬುದನ್ನೂ ಇಲ್ಲಿ ಸೇರಿಸಬಹುದು.

ಒಬ್ಬ ಮನುಷ್ಯನು ಹಾಗಾದರೆ ಅವನು ಹಸಿದು ಸಾಯುತ್ತಾನೆ, ಅಷ್ಟೆ. ಕನ್ನಡಿರೂಪದ ಒಂದು ಬ್ಯಾಕ್ಟೀರಿಯ ಹುಟ್ಟಿದರೆ? ಎಡಬಲಗಳ ಭೇದವಿಲ್ಲದ ಸರಳ ಆಹಾರವನ್ನು ತಿಂದು, ಅಥವಾ ಬಿಸಿಲಿನಿಂದಲೇ ಆಹಾರ ತಯಾರಿಸಿಕೊಂಡು, ಅದು ಬದುಕಬಹುದು. ಅದನ್ನು ತಿನ್ನುವ ಸೂಕ್ಷ್ಮಜೀವಿಗಳಿಗೆ ಅದು ಜೀರ್ಣವಾಗದು. ಅದರ ಮೇಲೆರಗುವ ವೈರಸ್ಸುಗಳಿಗೆ ಹಿಡಿತ ಸಿಕ್ಕದು. ನಮ್ಮ ದೇಹದ ಕಾವಲು ವ್ಯವಸ್ಥೆಗೆ ಅದರ ಗುರುತೇ ಹತ್ತದೆ ಹೋಗಬಹುದು. ಇದು ಕಥೆಗಾರರ ಕಲ್ಪನೆಯಲ್ಲ. 2016ರಲ್ಲಿ ಚೀನದ ವಿಜ್ಞಾನಿಗಳು ಜೀನನ್ನು ನಕಲುಮಾಡುವ ಒಂದು ಕಿಣ್ವದ ಕನ್ನಡಿರೂಪವನ್ನು ತಯಾರಿಸಿದರು. ಇಂತಹ ಬಿಡಿ ಅಣುಗಳಿಂದ ಅಪಾಯವಿಲ್ಲ, ಔಷಧಗಳಿಗೆ ಅವು ಉಪಯೋಗಕ್ಕೂ ಬರಬಹುದು. ಆದರೆ 2024ರ ಡಿಸೆಂಬರಿನಲ್ಲಿ, ಹಿಂದೆ ಕನ್ನಡಿಜೀವಿಯನ್ನು ನಿರ್ಮಿಸುವ ಹಂಬಲವಿದ್ದ ಕೆಲವರೂ ಸೇರಿದಂತೆ, 38 ವಿಜ್ಞಾನಿಗಳು ‘ಸೈನ್ಸ್’ ಪತ್ರಿಕೆಯಲ್ಲಿ ಒಂದು ಎಚ್ಚರಿಕೆಯನ್ನು ಪ್ರಕಟಿಸಿದರು. ಪೂರ್ಣಪ್ರಮಾಣದ ಕನ್ನಡಿ ಬ್ಯಾಕ್ಟೀರಿಯವನ್ನು ಕಟ್ಟುವ ಸಾಮರ್ಥ್ಯ ಬರಲು ಹತ್ತು ವರ್ಷಗಳಾದರೂ ಬೇಕಾದೀತು. ಅಪಾಯವಿಲ್ಲವೆಂಬುದಕ್ಕೆ ಬಲವಾದ ಪ್ರಮಾಣ ದೊರೆಯದ ಹೊರತು ಆ ಕಡೆಗೆ ಹೆಜ್ಜೆಯಿಡುವುದೇ ಬೇಡ ಎಂಬುದು ಅವರ ಸಲಹೆ. ಎಲ್ಲಿಯವರೆಗಿನ ಸಂಶೋಧನೆಗೆ ಅವಕಾಶವಿರಬೇಕು, ಎಲ್ಲಿ ಗೆರೆಯೆಳೆಯಬೇಕು ಎಂಬುದನ್ನು ಚರ್ಚಿಸಲು 2025ರ ಜೂನ್ ತಿಂಗಳಲ್ಲಿ ಒಂದು ಸಮ್ಮೇಳನ ಸೇರಿತು. ಅದು ಸೇರಿದ ಸ್ಥಳ ಪ್ಯಾರಿಸಿನ ಪಾಶ್ಚರ್ ಸಂಸ್ಥೆ.